ಆರ್ಚಿ ಪೆಟಿಗ್ರೂ ಬಚ್ಚಿಟ್ಟ ಎಡಗೈ

ಎರಡು ಕೈಯಲ್ಲೂ ಕೆಲಸ ಬರುವ ಆಳಿಗೆ ಯಾವ ಧಣಿಯೂ ಎರಡು ಕೂಲಿ ಕೊಟ್ಟಿಲ್ಲ. ಇದು ನಿಮಗೆ ಗೊತ್ತಿರಬೇಕಾದ ಮಾತು. ಗೊತ್ತಿದ್ದೂ ಮಕ್ಕಳಿಗೆ, ಇದನ್ನೂ ಕಲಿ, ಅದನ್ನೂ ಕಲಿ, ಎಲ್ಲಿ ಬಿಟ್ಟರೂ ಬದುಕಿಕೊಳ್ಳುತ್ತೀಯ ಎಂದು ಹೇಳಿಕೊಡುತ್ತೇವೆ. ಕಲಿಯುವುದು ತಪ್ಪೆಂದಲ್ಲ. ಕಲಿತ ಕೈ ಕಡೆಗೆ ಯಾರ ಕೈವಶವಾಗುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಕ್ಲೈಡ್ ನದಿಯ ದಡದಲ್ಲಿ ರಿವೆಟ್ಟು ಬಡಿದು ಬಾಳಿದ ಆರ್ಚಿ ಪೆಟಿಗ್ರೂಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ಮಹಾಯುದ್ಧ ಮುಗಿದಿದ್ದ ಕಾಲ. ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆ ಹಡಗು ಕಟ್ಟುವ ಎಲ್ಲ ಯಾರ್ಡುಗಳಿಗೂ ಇನ್ನೂ ಬಂದಿರಲಿಲ್ಲ. ಹಡಗಿನ ಮೈಗೆ ಉಕ್ಕಿನ ಪ್ಲೇಟು ಹೊಂದಿಸಿ, ಅವನ್ನು ಬೆಸೆಯುವ ದಪ್ಪ ಮೊಳೆಯಾದ ರಿವೆಟ್ಟು ಬಡಿಯುವುದೆಂದರೆ ನಾಲ್ವರ ಕೆಲಸ. ಒಬ್ಬ ಒಲೆಯ ಮುಂದೆ ಕೂತು ರಿವೆಟ್ಟನ್ನು ಕೆಂಪಗೆ ಕಾಯಿಸಬೇಕು. ಇನ್ನೊಬ್ಬ ಹಡಗಿನ ಹೊಟ್ಟೆಯೊಳಗೆ ನಿಂತು ಅದನ್ನು ತೂತಿಗೆ ತೂರಿಸಿ, ಅದರ ತಲೆಗೆ ಭಾರದ ಸುತ್ತಿಗೆಯೊಂದನ್ನು ಆನಿಸಿ, ಮೈಬಲವನ್ನೆಲ್ಲ ಹಾಕಿ ಒತ್ತಿ ಹಿಡಿಯಬೇಕು. ಹೊರಗಡೆ ಅಟ್ಟಣೆಯ ಮೇಲೆ ಇಬ್ಬರು ನಿಂತು, ಪ್ಲೇಟಿನಿಂದಾಚೆ ಚಾಚಿದ ಕೆಂಪು ತುದಿಯನ್ನು, ಅದು ಆರುವುದರೊಳಗೆ, ಒಬ್ಬರ ಏಟಿನ ಹಿಂದೆ ಇನ್ನೊಬ್ಬರ ಏಟು ಬೀಳುವಂತೆ ಬಡಿದು ಚಪ್ಪಟೆ ಮಾಡಬೇಕು. ಆ ಇಬ್ಬರೂ ಬಲಗೈಯವರೇ ಆದರೆ ಒಬ್ಬನ ಮೈ ಇನ್ನೊಬ್ಬನ ಸುತ್ತಿಗೆಯ ದಾರಿಗೆ ಅಡ್ಡ ಬರುತ್ತದೆ. ಹಾಗಾಗಿ ಪ್ರತಿ ತಂಡಕ್ಕೂ ಒಬ್ಬ ಎಡಚ ಬೇಕೇ ಬೇಕು.

ಎಡಚ ಎಲ್ಲಿಂದ ಬರಬೇಕು? ಊರಿನ ಶಾಲೆಗಳಲ್ಲಿ ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಅಂಗೈಗೆ ಚರ್ಮದ ಪಟ್ಟಿಯಲ್ಲಿ ಬಾರಿಸಿ, ಆ ಕೈ ತನ್ನದೇ ಅಲ್ಲವೆನ್ನುವ ಹಾಗೆ ಮಾಡುತ್ತಿದ್ದರು. ಅದೇ ಊರಿನ ಯಾರ್ಡು ಬೆಳಗಾದರೆ ಗೇಟಿನಲ್ಲಿ ನಿಂತು ಎಡಚರಿಗಾಗಿ ಕತ್ತು ಉದ್ದ ಮಾಡಿ ನೋಡುತ್ತಿತ್ತು. ಮೇಷ್ಟ್ರು ಮತ್ತು ಮೇಸ್ತ್ರಿ ಒಂದೇ ಬೀದಿಯಲ್ಲಿದ್ದರೂ ಈ ವಿಷಯ ಒಬ್ಬರಿಗೊಬ್ಬರು ಮಾತಾಡಿಕೊಂಡಂತಿಲ್ಲ.

ವಿಲ್ಲಿ ಗೆಮ್ಮಲ್ ಆ ಪಟ್ಟಿಗೂ ಬಗ್ಗದೆ ಉಳಿದ ಎಡಚ. ಆರ್ಚಿಯ ಜೋಡಿಯಾಗಿ ನಿಂತು ಬಡಿಯುತ್ತಿದ್ದವನು ಅವನೇ. ಒಳಗೆ ಒತ್ತಿ ಹಿಡಿಯುತ್ತಿದ್ದವನು ಡಗಲ್ ಶಾ. ಗೂಳಿಯಂಥ ಆಳು, ಸದ್ದಿನ ಹೊಟ್ಟೆಯೊಳಗೇ ಬದುಕಿ ಕಿವಿ ಪೂರಾ ಕಳೆದುಕೊಂಡು, ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದವನು. ಒಲೆಯ ಮುಂದೆ ಕೂರುತ್ತಿದ್ದವನು ಮುದುಕ ಕಾನರ್. ನಾಲ್ವರಿಗೂ ಕೂಲಿ ಬರುತ್ತಿದ್ದುದು ಬಡಿದ ರಿವೆಟ್ಟಿನ ಲೆಕ್ಕದಲ್ಲಿ. ಒಬ್ಬ ಬರಲಿಲ್ಲವೆಂದರೆ ಉಳಿದ ಮೂವರೂ ಕೈಕಟ್ಟಿ ಕೂರಬೇಕು.

ಎಡಚರು ಅಪರೂಪವಾದ್ದರಿಂದ ಅವರ ಬಾಯಿಗೆ ಬೆಲೆ ಇತ್ತು. ಹಿಮ ಬಿದ್ದು ಅಟ್ಟಣೆಯ ಹಲಗೆಗಳು ಗಾಜಾದ ಬೆಳಗ್ಗೆ, ಕಾಲು ಜಾರದಂತೆ ಬೂದಿ ಚೆಲ್ಲಿಸದೆ ಹತ್ತುವುದಿಲ್ಲ ಎಂದು ಮೇಸ್ತ್ರಿ ಡ್ರಿಸ್ಡೇಲನ ಮುಖದ ಮೇಲೆ ಹೇಳುತ್ತಿದ್ದವನು ವಿಲ್ಲಿ. ಬಲಗೈಯವನೊಬ್ಬ ಹೀಗೆಂದಿದ್ದರೆ ಮಧ್ಯಾಹ್ನದ ಹೊತ್ತಿಗೆ ಗೇಟಿನಾಚೆ ಇರುತ್ತಿದ್ದ. ಅವನ ಜಾಗಕ್ಕೆ ಬರಲು ಬೀದಿ ತುಂಬ ಬಲಗೈಗಳು ಕಾದಿದ್ದವು. ವಿಲ್ಲಿಯನ್ನು ಕಳಿಸಿದರೆ ಇನ್ನೊಬ್ಬ ವಿಲ್ಲಿ ಇಲ್ಲ. ಡ್ರಿಸ್ಡೇಲ್ ತನ್ನ ಗಟ್ಟಿ ಗುಂಡುಟೋಪಿಯನ್ನು ಒಮ್ಮೆ ತೆಗೆದು ಮತ್ತೆ ಹಾಕಿಕೊಂಡು, ಬೂದಿ ತರಿಸುತ್ತಿದ್ದ. ವಿಲ್ಲಿಯ ಎಡಗೈ ಹೀಗೆ ಎಷ್ಟೋ ಜನರ ಬೆನ್ನುಮೂಳೆ ಕಾದಿತ್ತು.

ತನ್ನದನ್ನೇ ಅದು ಕಾಯಲಿಲ್ಲ. ಒಂದು ಒದ್ದೆ ಸಂಜೆ ಅಟ್ಟಣೆಯ ಹಲಗೆ ಹೊರಳಿ ವಿಲ್ಲಿ ಕೆಳಗೆ ಬಿದ್ದ. ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಎಲುಬು ಮುರಿಯಿತು. ಡ್ರಿಸ್ಡೇಲ್ ತಂಡವನ್ನು ಒಡೆದು ಇತರರಿಗೆ ಹಂಚುವ ಮಾತಾಡಿದ. ಒಡೆದರೆ, ಎಲುಬು ಕೂಡಿ ವಿಲ್ಲಿ ಹಿಂದಿರುಗುವ ಹೊತ್ತಿಗೆ ಅವನಿಗೊಂದು ತಂಡವೇ ಇರುವುದಿಲ್ಲ. ಆಗ ಆರ್ಚಿಗೆ ಒಂದು ಉಪಾಯ ಹೊಳೆಯಿತು. ಎಡಗಡೆ ತಾನೇ ನಿಲ್ಲುವುದು, ಬಲಗಡೆಗೆ ಗೇಟಿನಿಂದ ಯಾರನ್ನಾದರೂ ಕರೆದುಕೊಳ್ಳುವುದು. ಹೊಸ ಹಡಗಿನ ಪ್ಲೇಟು ಏರುವವರೆಗೆ ತಂಡಕ್ಕೆ ಮೂಟೆ ಹೊರುವ ಕೆಲಸವಾದರೂ ಕೊಡಿ, ಅಷ್ಟರಲ್ಲಿ ಕಲಿಯುತ್ತೇನೆ ಎಂದು ಡ್ರಿಸ್ಡೇಲನನ್ನು ಕಾಡಿ ಬೇಡಿ ಒಪ್ಪಿಸಿದ.

ಮಂಚದ ಮೇಲೆ ಮಲಗಿದ್ದ ವಿಲ್ಲಿ ಇದನ್ನು ಕೇಳಿ ನಕ್ಕು, ನಕ್ಕದ್ದಕ್ಕೆ ಎಲುಬು ನೊಂದು, ಬೈದ.

"ಲೇ ಆರ್ಚಿ, ಬಲಗೈಲೇ ನಿಂಗೆ ಒಂದು ಮೊಳೆ ನೆಟ್ಟಗೆ ಹೊಡಿಯಕ್ಕೆ ಬರಲ್ಲ ಅಂತ ಎಫೀ ಊರೆಲ್ಲ ಹೇಳ್ಕೊಂಡು ಬರ್ತಾಳೆ."

ಎಫೀ ಆರ್ಚಿಯ ಹೆಂಡತಿ. ಹೇಳಿಕೊಂಡು ಬರುತ್ತಿದ್ದುದೂ ನಿಜ.

ಆರ್ಚಿ ಮನೆಯಲ್ಲಿ ಎಡಗೈಗೆ ಅಕ್ಷರಾಭ್ಯಾಸ ಶುರು ಮಾಡಿದ. ಬೆಳಗಿನ ಓಟ್ಸ್ ಗಂಜಿಯ ಚಮಚ ಬಾಯಿಗೆ ಹೋಗುವ ಬದಲು ಮೀಸೆಗೆ ಹೋಯಿತು. ಎಡಗೈಯಲ್ಲಿ ಗಡ್ಡ ಕೆರೆದುಕೊಂಡು, ಕದನದಿಂದ ಬಂದವನಂತೆ ಕೆನ್ನೆಗೆಲ್ಲ ಕಾಗದದ ಚೂರು ಅಂಟಿಸಿಕೊಂಡು ಯಾರ್ಡಿಗೆ ಹೋದ. ಬಲಗೈಯನ್ನು ಜೇಬಿನಲ್ಲಿ ಹಾಕಿ ಗುಂಡಿ ಹಾಕಿಕೊಳ್ಳಲು ನೋಡಿದ. ಬೂಟಿನ ದಾರ ಕಟ್ಟಲು ನೋಡಿದ. ಎಡಗೈ ಎಲ್ಲದಕ್ಕೂ ಹೂಂ ಎನ್ನುತ್ತಿತ್ತು, ಯಾವುದನ್ನೂ ಮುಗಿಸುತ್ತಿರಲಿಲ್ಲ.

ವಠಾರದ ಹಿಂದಿನ ಅಂಗಳದಲ್ಲಿ ಬಟ್ಟೆ ಒಗೆಯುವ ಕೋಣೆ. ಅದರ ಗೋಡೆಗೆ ಹಳೆಯ ಬಾಯ್ಲರಿನ ಕಬ್ಬಿಣದ ಮುಚ್ಚಳವೊಂದನ್ನು ಒರಗಿಸಿ, ಸುಣ್ಣದಲ್ಲಿ ಚುಕ್ಕೆಯಿಟ್ಟು, ಭಾನುವಾರವೊಂದು ಬಿಟ್ಟು ದಿನವೂ ಕೆಲಸದಿಂದ ಬಂದೊಡನೆ ಬಡಿದ. ಏಟು ಚುಕ್ಕೆಯ ಸುತ್ತ ಎಲ್ಲ ಕಡೆ ಬಿತ್ತು, ಚುಕ್ಕೆಗೆ ಮಾತ್ರ ಬೀಳಲಿಲ್ಲ. ಒಗೆಯುವ ಸರದಿ ಯಾರದಿತ್ತೋ ಆ ಹೆಂಗಸರ ಬೈಗುಳ ಮಾತ್ರ ಗುರಿ ತಪ್ಪುತ್ತಿರಲಿಲ್ಲ. ಕೈಗೆ ಕಸುವಿಲ್ಲ ಎಂದುಕೊಂಡು ಆರ್ಚಿ ಇನ್ನೂ ಜೋರಾಗಿ ಬಡಿದ. ಇನ್ನೂ ದೂರ ಬಿತ್ತು.

ಒಂದು ಶನಿವಾರ ಎಫೀ ಅದೇ ಅಂಗಳದಲ್ಲಿ ಹಗ್ಗದ ಮೇಲೆ ಜಮಖಾನೆ ಹಾಕಿ ಬೆತ್ತದಿಂದ ಧೂಳು ಬಡಿಯುತ್ತಿದ್ದಳು. ಆರ್ಚಿ ತನ್ನ ಎಡಗೈಯನ್ನು ಹೆಸರು ಹಿಡಿದು ಬೈಯುತ್ತಿದ್ದ. ಅವಳು ಬೆತ್ತ ನಿಲ್ಲಿಸಿದಳು.

"ಕೈಗೆ ಯಾಕೆ ಬೈತೀಯ? ಕಾಲು ನೋಡ್ಕೋ."

"ಕಾಲಿಗೇನಾಗಿದೆ?"

"ನಿಂತಿರೋದು ಬಲಗೈಯವನ ಥರ, ಹೊಡೀತಿರೋದು ಎಡಗೈಲಿ. ಸೊಂಟ ಒಂದು ಕಡೆ ಹೋಗ್ತಿದೆ, ಸುತ್ತಿಗೆ ಒಂದು ಕಡೆ. ನೋಡು ಇಲ್ಲಿ."

ಅವಳು ಬಲಗೈಯಲ್ಲಿ ನಾಲ್ಕೇಟು ಹಾಕಿದಳು. ಬೆತ್ತವನ್ನು ಎಡಗೈಗೆ ದಾಟಿಸುವ ಮುಂಚೆ ಅವಳ ಪಾದಗಳು ಜಾಗ ಬದಲಿಸಿಕೊಂಡವು. ಮುಂದಿದ್ದುದು ಹಿಂದೆ, ಹಿಂದಿದ್ದುದು ಮುಂದೆ. ಎಡಗೈಯಿಂದ ಬಿದ್ದ ಏಟೂ ಅಷ್ಟೇ ಧೂಳೆಬ್ಬಿಸಿತು.

"ಇದು ಯಾವಾಗ ಕಲಿತೆ?" ಎಂದ ಆರ್ಚಿ.

"ಈ ಭುಜ ಸೋತಾಗ" ಎಂದಳು ಅವಳು. ಮತ್ತೆ ಬಡಿಯತೊಡಗಿದಳು.

ಮದುವೆಯಾದಾಗಿನಿಂದ ಅವಳು ಹಾಗೆಯೇ ಬಡಿಯುತ್ತಿದ್ದಳು. ಅವನು ನೋಡಿರಲಿಲ್ಲ. ಆ ವಠಾರದ ಪ್ರತಿ ಮಹಡಿಯಲ್ಲೂ ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಸಾರಿನ ಸೌಟು. ಮಗು ನಿದ್ದೆಯಲ್ಲಿ ತೋಳು ಬದಲಿಸಿದರೆ ಸೌಟೂ ಕೈ ಬದಲಿಸುತ್ತಿತ್ತು. ಗಂಡಸು ಎರಡು ಕೈ ಕಲಿತರೆ ಯಾರ್ಡಿಗೆಲ್ಲ ಸುದ್ದಿ. ಹೆಂಗಸಿಗೆ ಅದು ಬಂದೇ ಇರುತ್ತದೆ, ಯಾರೂ ಕೇಳಿರುವುದಿಲ್ಲ. ಇದನ್ನು ಬರೆಯದೆ ಮುಂದೆ ಹೋದರೆ ಆರ್ಚಿಯ ಕಥೆ ಅರ್ಧ ಸುಳ್ಳಾಗುತ್ತದೆ.

ಅಂದಿನಿಂದ ಆರ್ಚಿ ಸುತ್ತಿಗೆಯನ್ನು ಕೆಳಗಿಟ್ಟು ನಿಲ್ಲುವುದನ್ನು ಕಲಿತ. ಪಾದ ಎಲ್ಲಿಡಬೇಕು, ಯಾವ ಮೊಣಕಾಲು ಸಡಿಲ ಬಿಡಬೇಕು, ಸೊಂಟ ಯಾವಾಗ ತಿರುಗಬೇಕು. ಮೈ ಎಡಕ್ಕೆ ಒಗ್ಗಿದ ಮೇಲೆ ಕೈ ಹಿಂದೆಯೇ ಬಂತು. ಹೊಸ ಹಡಗಿನ ಪ್ಲೇಟು ಏರುವ ಹೊತ್ತಿಗೆ ಸುಣ್ಣದ ಚುಕ್ಕೆಯಿದ್ದ ಜಾಗ ಬೆಳ್ಳಿಯಂತೆ ಹೊಳೆಯುತ್ತಿತ್ತು.

ವಿಲ್ಲಿ ಗುಣವಾಗುವವರೆಗೂ ತಂಡ ನಡೆಯಿತು. ಒಳಗೆ ನಿಂತ ಡಗಲ್‌ಗೆ ಹೊರಗಿನವರು ಕಾಣುವುದಿಲ್ಲ, ಕಿವಿಯೂ ಇಲ್ಲ. ಆದರೆ ಪ್ಲೇಟಿನಾಚೆಯ ಪ್ರತಿ ಏಟೂ ಅವನು ಒತ್ತಿ ಹಿಡಿದ ಸುತ್ತಿಗೆಯ ಹಿಡಿಯಲ್ಲಿ ಮಾತಾಡುತ್ತದೆ. ಮೊದಮೊದಲು ಆರ್ಚಿಯ ಎಡಗೈ ಏಟು ಯಾರೋ ಕೊಡೆಯ ಮೊನೆಯಲ್ಲಿ ತಿವಿದ ಹಾಗಿತ್ತೆಂದೂ, ಈಗ ಅವನ ಬಲಗೈ ಯಾವುದು ಎಡಗೈ ಯಾವುದು ತನಗೆ ತಿಳಿಯುವುದಿಲ್ಲವೆಂದೂ ಅವನು ಊಟದ ಹೊತ್ತಿಗೆ ಎಲ್ಲರಿಗೂ ಕೂಗಿ ಹೇಳಿದ. ಡಗಲ್‌ಗೆ ಕೂಗದೆ ಮಾತಾಡಲು ಬರುತ್ತಿರಲಿಲ್ಲ.

ವಿಲ್ಲಿ ಹಿಂದಿರುಗಿದ. ಆರ್ಚಿ ಬಲಗಡೆಗೆ ಸರಿದು ನಿಂತ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಷ್ಟಪಟ್ಟು ಕಲಿತದ್ದನ್ನು ನಾಲ್ಕು ಜನಕ್ಕೆ ತೋರಿಸದೆ ಇರುವುದು ಮನುಷ್ಯನಿಗೆ ಆಗದ ಕೆಲಸ. ಚಹದ ಬಿಡುವಿನಲ್ಲಿ ಬೇರೆ ತಂಡದವರು ಚಿಟಿಕೆ ತಂಬಾಕು ಪಣಕ್ಕಿಟ್ಟು ಕರೆಯುತ್ತಿದ್ದರು. ಆರ್ಚಿ ಒಂದೇ ರಿವೆಟ್ಟನ್ನು ಅರ್ಧ ಬಲಗೈಯಲ್ಲಿ ಬಡಿದು, ಸುತ್ತಿಗೆಯನ್ನು ಗಾಳಿಯಲ್ಲೇ ಎಡಗೈಗೆ ದಾಟಿಸಿ, ಅದು ಆರುವ ಮೊದಲೇ ಮುಗಿಸುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ವಿಲ್ಲಿ. ಅಟ್ಟಣೆಯ ಕೆಳಗೆ ಒಂದು ಗುಂಡುಟೋಪಿಯೂ ನಿಂತು ನೋಡುತ್ತಿತ್ತು.

ಮತ್ತೆ ಚಳಿಗಾಲ ಬಂತು. ಕೆಲಸ ಕಡಿಮೆಯಾಗಿ, ಗೇಟಿನಾಚೆಯ ಸಾಲು ಉದ್ದವಾಗಿತ್ತು. ಹಿಮ ಬಿದ್ದ ಒಂದು ಬೆಳಗ್ಗೆ ವಿಲ್ಲಿ ಎಂದಿನಂತೆ ಬೂದಿ ಕೇಳಿದ. ಅವನು ಹತ್ತಲಿಲ್ಲವೆಂದು ಉಳಿದ ತಂಡಗಳೂ ಹತ್ತಲಿಲ್ಲ. ಮಧ್ಯಾಹ್ನದವರೆಗೆ ಹಡಗು ಸದ್ದಿಲ್ಲದೆ ನಿಂತಿತು. ಬೂದಿ ಬಂತು. ಸಂಜೆ ಡ್ರಿಸ್ಡೇಲ್ ಆರ್ಚಿಯನ್ನು ಪಕ್ಕಕ್ಕೆ ಕರೆದ.

"ಪೆಟಿಗ್ರೂ, ನಾಳೆಯಿಂದ ನೀನು ಎಡಗಡೆ. ಬಲಗಡೆಗೆ ಗೇಟಿಂದ ಒಬ್ಬನ್ನ ಕೊಡ್ತೀನಿ."

"ಗೆಮ್ಮಲ್ ಇದಾನಲ್ಲ ಸಾರ್."

"ಇದ್ದ."

"ಅವನ ಭುಜ ಪೂರ್ತಿ ವಾಸಿಯಾಗಿದೆ ಸಾರ್."

"ಬಾಯಿ ವಾಸಿಯಾಗಿಲ್ಲ" ಎಂದ ಡ್ರಿಸ್ಡೇಲ್.

ಆರ್ಚಿಗೆ ಅಲ್ಲಿಯೇ ಎಲ್ಲ ಅರ್ಥವಾಯಿತು. ವಿಲ್ಲಿಯನ್ನು ಇಷ್ಟು ವರ್ಷ ಕಾದದ್ದು ಅವನ ಧೈರ್ಯವಲ್ಲ, ಅವನಂಥವನು ಇನ್ನೊಬ್ಬನಿಲ್ಲ ಎನ್ನುವುದು. ಆ ಇನ್ನೊಬ್ಬನನ್ನು ಆರ್ಚಿ ತನ್ನ ಕೈಯಾರೆ ಮಾಡಿಕೊಟ್ಟಿದ್ದ. ಗೆಳೆಯನ ಜಾಗ ಉಳಿಸಲೆಂದು ಕಲಿತ ಕೈ ಗೆಳೆಯನ ಜಾಗಕ್ಕೇ ಕೊಡಲಿಯಾಗಿತ್ತು. ಒಲ್ಲೆ ಎನ್ನೋಣವೆಂದರೆ, ಹಾಗೆಂದವನ ತಂಡವೇ ಹೊರಗೆ. ಮುದುಕ ಕಾನರನಿಗೆ ಇನ್ನೊಂದು ಒಲೆ ಸಿಗುವ ಕಾಲ ಅದಲ್ಲ.

ಅಂದು ಎಫೀ ಬಡಿಸಿದ ಸಾರನ್ನು ಅವನು ಬಲಗೈಯಲ್ಲಿ ಕಲಕುತ್ತಲೇ ಕೂತ. ಎಡಗೈ ಮೇಜಿನ ಮೇಲೆ ಅಪ್ಪಣೆಗೆ ಕಾದ ಆಳಿನಂತೆ ಬಿದ್ದಿತ್ತು. ನಡೆದದ್ದನ್ನು ಹೇಳಿದ. ಎಫೀ ಸೌಟನ್ನು ಕೆಳಗಿಟ್ಟಳು.

"ಅದನ್ನ ಕಲಿತಿದ್ದು ಅವನು ವಾಪಸ್ ಬರಲಿ ಅಂತ ತಾನೇ? ಅಷ್ಟು ನೆನಪಿಟ್ಕೋ."

ಬೆಳಗ್ಗೆ ಆರ್ಚಿ ಎಡಗಡೆ ನಿಂತ. ಬಲಗಡೆ ಗೇಟಿನಿಂದ ಬಂದ ಹೊಸಬ. ಡ್ರಿಸ್ಡೇಲ್ ಮೂರ್ಖನಲ್ಲ, ಎಡಗಡೆಯ ಕೆಲಸ ಸರಿಯಾಗಿ ನಡೆಯುವುದನ್ನು ಕಣ್ಣಾರೆ ಕಂಡ ಮೇಲೆಯೇ ವಿಲ್ಲಿಯ ಲೆಕ್ಕ ತೀರಿಸುವುದೆಂದು ಅವನನ್ನು ಅಟ್ಟಣೆಯ ಬುಡದಲ್ಲಿ ನಿಲ್ಲಿಸಿದ್ದ. ವಿಲ್ಲಿಯ ಹೆಗಲಿಗೆ ಸುತ್ತಿಗೆಯ ಚೀಲ ನೇತಾಡುತ್ತಿತ್ತು. ಅವನು ಆರ್ಚಿಯ ಕಡೆ ನೋಡಲಿಲ್ಲ.

ಮೊದಲ ರಿವೆಟ್ಟು ಕೆಂಪಗೆ ಹೊರಗೆ ಚಾಚಿತು. ಏಟನ್ನು ಬೇಕೆಂದೇ ತಪ್ಪಿಸಬೇಕೆಂದು ಆರ್ಚಿ ಇಡೀ ದಾರಿ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ. ಕೈ ಕೇಳಲಿಲ್ಲ. ಕೆಂಪು ಕಂಡೊಡನೆ ಅದು ತಾನಾಗಿ ಎದ್ದಿತು, ತಾನಾಗಿ ಬಿತ್ತು; ರಿವೆಟ್ಟು ಪ್ಲೇಟಿನ ಮೈಗೆ ಮೈಯಾಗಿ ಕೂತಿತು. ಇಷ್ಟು ಚೆನ್ನಾದ ರಿವೆಟ್ಟನ್ನು ಅವನು ಬಲಗೈಯಲ್ಲೂ ಬಡಿದಿರಲಿಲ್ಲ. ಕೆಳಗೆ ಡ್ರಿಸ್ಡೇಲ್ ತಲೆಯಾಡಿಸಿದ. ವಿಲ್ಲಿ ಚೀಲದ ಪಟ್ಟಿಯನ್ನು ಸರಿಮಾಡಿಕೊಂಡ, ಹೊರಡುವವರು ಮಾಡುವ ಹಾಗೆ.

ಆಗ ಆರ್ಚಿಗೆ ಹಿಂದಿನಂಗಳದ ಜಮಖಾನೆ ನೆನಪಾಯಿತು. ಕೈಯನ್ನು ಬಿಟ್ಟು ಪಾದಗಳನ್ನು ನೋಡಿಕೊಂಡ. ಯಾರಿಗೂ ಕಾಣದಷ್ಟು ಮೆಲ್ಲಗೆ ಅವುಗಳನ್ನು ಬಲಗೈಯವನ ನಿಲುವಿಗೆ ತಂದ.

ಎರಡನೆಯ ರಿವೆಟ್ಟು ಸೊಟ್ಟಗಾಯಿತು. ಮೂರನೆಯದಕ್ಕೆ ಸುತ್ತಿಗೆ ಜಾರಿ ಪ್ಲೇಟಿನ ಮೇಲೆ ಅರ್ಧಚಂದ್ರದ ಗಾಯ ಮೂಡಿತು. ಆಮೇಲೆ ಬಡಿದುದೆಲ್ಲ ಹಾಗೆಯೇ. ತಪಾಸಣೆಯವನು ಬಂದು ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತ ಹೋದ. ಹಡಗಿನ ಮೈಗೆ ಸಿಡುಬು ಎದ್ದ ಹಾಗಾಯಿತು. ಡ್ರಿಸ್ಡೇಲ್ ಮೇಲೆ ಹತ್ತಿ ಬಂದ.

"ಏನಾಗಿದೆ ನಿನ್ನ ಕೈಗೆ?"

"ಗೊತ್ತಾಗ್ತಿಲ್ಲ ಸಾರ್. ಒಂದು ದಿನ ಬರತ್ತೆ, ಒಂದು ದಿನ ಬರಲ್ಲ. ಹುಟ್ಟಿನಿಂದ ಬಂದಿದ್ದಲ್ಲ ನೋಡಿ. ಕಲಿತಿದ್ದು, ನಂಬಕ್ಕಾಗಲ್ಲ."

ಡ್ರಿಸ್ಡೇಲ್ ಅವನ ಮುಖ ನೋಡಿದ, ಸೀಮೆಸುಣ್ಣದ ಸುತ್ತುಗಳನ್ನು ನೋಡಿದ. ಹಡಗನ್ನು ನೀರಿಗಿಳಿಸುವ ದಿನ ಆಗಲೇ ಗೊತ್ತುಮಾಡಿಯಾಗಿತ್ತು, ತಡಮಾಡುವಂತಿರಲಿಲ್ಲ. ಟೋಪಿ ತೆಗೆದ, ಹಾಕಿಕೊಂಡ. ಕೆಳಗೆ ಬಗ್ಗಿ, "ಗೆಮ್ಮಲ್, ಹತ್ತು" ಎಂದ.

ಕೆಟ್ಟ ರಿವೆಟ್ಟುಗಳನ್ನೆಲ್ಲ ಕತ್ತರಿಸಿ ತೆಗೆದು ಬಿಟ್ಟಿಯಾಗಿ ಮತ್ತೆ ಬಡಿಯಬೇಕಾಯಿತು. ಆಮೇಲೆ ಬಹಳ ಕಾಲ ಅವರ ತಂಡಕ್ಕೆ ಸಿಕ್ಕಿದ್ದು ಹಡಗಿನ ತಳದ ಟ್ಯಾಂಕುಗಳು. ಅಲ್ಲಿ ಮಂಡಿಯೂರಿ, ಹೊಗೆ ಕುಡಿದು ಬಡಿಯಬೇಕು. ಯಾರೂ ದೂರಲಿಲ್ಲ. ಆದರೆ ಆರ್ಚಿಯ ಹೆಸರು ಹೋಯಿತು. ಹೆಸರಿಟ್ಟವನು ಬೇರೆ ಯಾರೂ ಅಲ್ಲ, ವಿಲ್ಲಿ. "ಒಂದೂಕಾಲು ಕೈ ಆರ್ಚಿ" ಎಂದ ಅವನು, ಅದೂ ಇಡೀ ಯಾರ್ಡಿಗೆ ಕೇಳುವ ಹಾಗೆ. ಪಬ್ಬಿನಲ್ಲಿ ಆರ್ಚಿ ಲೋಟ ಎತ್ತಿದರೆ, "ಹುಷಾರು, ಅದೂ ಒಂದು ದಿನ ಬರತ್ತೆ ಒಂದು ದಿನ ಬರಲ್ಲ" ಎಂದು ನಗಿಸಿದ. ಜನ ಬಿದ್ದು ಬಿದ್ದು ನಕ್ಕರು. ಆರ್ಚಿಯೂ ನಕ್ಕ. ಮನೆಗೆ ಬಂದು, ಅವನಾದರೂ ಹಾಗೆನ್ನಬಾರದಿತ್ತು ಎಂದು ಎಫೀಯ ಹತ್ತಿರ ಒಮ್ಮೆ ಅಂದ. ಒಮ್ಮೆ ಮಾತ್ರ.

ಎಡಗೈಯನ್ನು ಅವನು ಮತ್ತೆ ಹೊರಗೆ ತೆಗೆಯಲಿಲ್ಲ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟಕ್ಕೆ ಹೋದಾಗಲೂ ಬಲಗೈಯೇ. ಬಲ ಮಣಿಕಟ್ಟು ಉಳುಕಿದಾಗ, ಎಡಗೈಯಲ್ಲಿ ಬಡಿಯುವ ಬದಲು ಮನೆಯಲ್ಲಿ ಕೂತ. ಗಾಳಿಸುತ್ತಿಗೆ ಬಂತು, ಇಬ್ಬರು ಬಡಿಯುತ್ತಿದ್ದುದನ್ನು ಒಬ್ಬನೇ ಬಡಿಯತೊಡಗಿದ, ಎಡಚರ ಬೆಲೆಯೂ ಬಾಯಿಯೂ ಒಟ್ಟಿಗೇ ಹೋದವು. ಡ್ರಿಸ್ಡೇಲ್ ಕೆಲಸದಿಂದ ನಿವೃತ್ತನಾದ. ಬಚ್ಚಿಡಲು ಇನ್ನು ಕಾರಣವೇ ಇರಲಿಲ್ಲ. ಆದರೂ ಬಚ್ಚಿಟ್ಟ. ಮೇಸ್ತ್ರಿ ಹೋದರೂ ಮೇಸ್ತ್ರಿಯ ಭಯ ಮೈಯಲ್ಲಿ ಬಾಡಿಗೆಯಿಲ್ಲದೆ ಉಳಿದುಬಿಡುತ್ತದೆ.

ವಿಲ್ಲಿ ಸತ್ತ. ಆ ಕಡೆ ಶವಪೆಟ್ಟಿಗೆಯನ್ನು ಗುಂಡಿಗಿಳಿಸುವ ಹಗ್ಗಗಳನ್ನು ಹತ್ತಿರದವರು ಹಿಡಿಯುತ್ತಾರೆ. ಯಾವ ಹಗ್ಗ ಯಾರಿಗೆ ಎಂಬುದನ್ನು ಮನೆಯವರು ಮೊದಲೇ ಗೊತ್ತುಮಾಡುತ್ತಾರೆ. ವಿಲ್ಲಿಯ ಹೆಂಡತಿ ಭುಜದ ಬಳಿಯ ಹಗ್ಗಗಳನ್ನು ಆರ್ಚಿಗೂ ಡಗಲ್‌ಗೂ ಕೊಟ್ಟಿದ್ದಳು, ಇದು ಅವನೇ ಹೇಳಿಟ್ಟದ್ದು ಎಂದು. ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದ. ಆರ್ಚಿ ಹಗ್ಗವನ್ನು ಬಲಗೈಯಿಂದ ಎಡಗೈಗೆ ದಾಟಿಸಿ, ಒಂದು ಸುತ್ತು ಸುತ್ತಿಕೊಂಡ. ಎದುರು ನಿಂತ ಡಗಲ್ ಅದನ್ನು ನೋಡಿ, ಗುಂಡಿಯ ಮೇಲಿಂದ ಬಾಗಿ, ಅವನಿಗೆ ಮಾತ್ರ ಎಂದುಕೊಂಡು ಪಿಸುಗುಟ್ಟಿದ. ಡಗಲ್‌ನ ಪಿಸುಮಾತು ಇಡೀ ಸ್ಮಶಾನಕ್ಕೆ ಕೇಳಿತು.

"ಆ ದಿನ ಬೇಕಂತ ತಪ್ಪಿಸಿದೆ ಅಂತ ನಂಗೆ ಒಳಗಿಂದ್ಲೇ ಗೊತ್ತಾಗಿತ್ತು ಕಣೋ. ಕೈ ತಪ್ಪಿದ ಏಟು ಬೇರೆ, ತಪ್ಪಿಸಿದ ಏಟು ಬೇರೆ. ಅವತ್ತು ಸಂಜೇನೇ ವಿಲ್ಲಿಗೆ ಹೇಳ್ದೆ. 'ಹಾಗಾದ್ರೆ ಸಾಯೋ ತನಕ ಅವನ್ನ ಆಡ್ಕೊಂಡು ನಗ್ತೀನಿ, ಇಲ್ದಿದ್ರೆ ಆ ಗುಂಡುಟೋಪಿಗೆ ಅನುಮಾನ ಬರತ್ತೆ' ಅಂದ. ಸಾಯೋ ತನಕ ನಕ್ಕ. ಇನ್ನು ಹೇಳ್ಬಹುದು ಅಂತ ಹೇಳ್ದೆ."

ಪಾದ್ರಿ ಪ್ರಾರ್ಥನೆ ನಿಲ್ಲಿಸಿದ್ದ. ಜನರ ಹಿಂದಿನ ಸಾಲಿನಲ್ಲಿ, ಮುದುಕನಾದ ಡ್ರಿಸ್ಡೇಲ್ ಟೋಪಿಯನ್ನು ಎದೆಗೆ ಹಿಡಿದು ನಿಂತಿದ್ದ. ಪೆಟ್ಟಿಗೆ ಇಳಿಯಿತು. ಆರ್ಚಿಯ ಎಡಗೈ ಹಗ್ಗವನ್ನು ಒಂದೇ ಹದದಲ್ಲಿ ಬಿಡುತ್ತ ಹೋಯಿತು. ಎಲ್ಲ ಮುಗಿದು ಹೊರಡುವಾಗ ಡ್ರಿಸ್ಡೇಲ್ ಅವನ ಹತ್ತಿರ ಬಂದ.

"ನಾನು ನಂಬಿಬಿಟ್ಟೆ, ಪೆಟಿಗ್ರೂ."

"ನಂಬಲಿ ಅಂತಾನೇ ಹೊಡೆದೆ, ಡ್ರಿಸ್ಡೇಲ್."

ಸಾರ್ ಎನ್ನದೆ ಆರ್ಚಿ ಅವನೊಡನೆ ಆಡಿದ ಮೊದಲ ಮಾತು ಅದು. ಡ್ರಿಸ್ಡೇಲ್ ಟೋಪಿ ಹಾಕಿಕೊಂಡು, ವಿಲ್ಲಿಯ ಮನೆಯ ಚಹಕ್ಕೆ ನಿಲ್ಲದೆ ಹೋದ. ಆರ್ಚಿ ಚಹಕ್ಕೆ ಹೋದ, ಬಟ್ಟಲನ್ನು ಎಡಗೈಯಲ್ಲಿ ಹಿಡಿದು ಒಂದು ತೊಟ್ಟೂ ಚೆಲ್ಲದೆ ಕುಡಿದ. ಯಾರೂ ನಗಲಿಲ್ಲ. ನಗಿಸುವವನು ಇರಲಿಲ್ಲ.

ರಜೆಯ ಮೇಲೆ ಹೋದವಳ ಕೆಲಸವನ್ನೂ ನಿಮ್ಮ ಕೆಲಸದ ಜತೆಗೇ ಸಲೀಸಾಗಿ ಮುಗಿಸಿದಿರೆಂದು ನಿಮ್ಮ ಮೇಲಿನವರು ಬೆನ್ನು ತಟ್ಟುತ್ತಾರಲ್ಲ, ಆಗ ಚಪ್ಪಾಳೆಗೆ ಮೈಮರೆಯಬೇಡಿ. "ಅವರು ಬರ್ತಾರಲ್ಲ ಸಾರ್" ಎಂದು ಕೇಳಿ. "ಬರ್ತಿದ್ರು" ಎಂಬ ಉತ್ತರ ಬಂತೋ, ನಿಮ್ಮ ಪಾದ ನೋಡಿಕೊಳ್ಳಿ. ಕಾಲು ಬದಲಿಸಿ ನಿಲ್ಲಿ.